ತೊಗಟೆಯಿಂದ ಔಷಧದವರೆಗೆ



ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಒಂದು ಸಣ್ಣ ಮರ ಬೆಳೆಯುತ್ತದೆ. ನೋಡಿದರೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಎತ್ತರ ಹೆಚ್ಚಿಲ್ಲ. ಹೂ ಸಣ್ಣದು, ಮಾಸಲು ಹಳದಿ ಬಣ್ಣದ್ದು. ಆದರೆ ಹೂ ಬಿಟ್ಟ ಕಾಲದಲ್ಲಿ ಹತ್ತಿರ ಹೋದವರು ಮೂಗು ಮುಚ್ಚಿಕೊಳ್ಳಬೇಕು. ಅಷ್ಟು ಕೆಟ್ಟ ವಾಸನೆ. ದುರ್ವಾಸನೆ ಮರ ಎಂದೇ ಅದಕ್ಕೆ ಹೆಸರು. ಸಸ್ಯಶಾಸ್ತ್ರಜ್ಞರು ಅದನ್ನು ನೋಥಪೊಡೈಟಿಸ್ ನಿಮ್ಮೋನಿಯಾನ ಎಂದು ಕರೆಯುತ್ತಾರೆ.

ಈ ಮರದ ತೊಗಟೆಯಲ್ಲಿ ಮತ್ತು ಬೇರಿನಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕ ಇದೆ. ಅದರಿಂದ ತಯಾರಾದ ಔಷಧದ ಹೆಸರು ಇರಿನೊಟೆಕಾನ್. ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್ ದೇಹದ ಬೇರೆ ಭಾಗಗಳಿಗೆ ಹರಡಿದಾಗ ಜಗತ್ತಿನಾದ್ಯಂತ ವೈದ್ಯರು ಕೊಡುವ ಮುಖ್ಯ ಔಷಧಗಳಲ್ಲಿ ಇದೂ ಒಂದು. ನಮ್ಮ ಊರಿನ ಆಸ್ಪತ್ರೆಗಳಲ್ಲಿಯೂ ಇದನ್ನು ರಕ್ತನಾಳದ ಮೂಲಕ ಹನಿಹನಿಯಾಗಿ ಕೊಡುತ್ತಾರೆ.

ಸಸ್ಯದಿಂದ ಕ್ಯಾನ್ಸರಿಗೆ ಮದ್ದು ಸಿಗುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಸಿಗುತ್ತದೆ. ಸಿಕ್ಕಿದೆ. ಆದರೆ ತೊಗಟೆಗೂ ಔಷಧಕ್ಕೂ ನಡುವೆ ಬಹಳ ದೂರವಿದೆ. ಆ ದಾರಿಯಲ್ಲಿ ಏನೇನು ನಡೆಯಿತು ಎಂಬುದೇ ಇವತ್ತಿನ ಮಾತು.

ಕಥೆ ಶುರುವಾಗುವುದು ನಮ್ಮ ಘಟ್ಟದಲ್ಲಿ ಅಲ್ಲ, ಚೀನಾದ ಇನ್ನೊಂದು ಮರದಲ್ಲಿ. ಅದರ ಹೆಸರು ಕ್ಯಾಂಪ್ಟೊಥೆಕ. ಸಂತೋಷದ ಮರ ಎಂದು ಚೀನೀಯರು ಅದನ್ನು ಕರೆಯುತ್ತಾರೆ. 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಮನ್ರೋ ವಾಲ್ ಎಂಬ ರಸಾಯನಶಾಸ್ತ್ರಜ್ಞರು ಸಾವಿರಾರು ಗಿಡಗಳ ಸಾರ ತೆಗೆದು ಇಟ್ಟಿದ್ದರು. ಅವರು ಹುಡುಕುತ್ತಿದ್ದದ್ದು ಕ್ಯಾನ್ಸರಿಗೆ ಮದ್ದಲ್ಲ, ಕಾರ್ಟಿಸೋನ್ ತಯಾರಿಸಲು ಬೇಕಾದ ಕಚ್ಚಾವಸ್ತು. ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಬಂದು, ನಿಮ್ಮ ಸಾರಗಳಲ್ಲಿ ಒಂದು ಸಾವಿರದಷ್ಟನ್ನು ನಮಗೆ ಕೊಡಿ, ಪರೀಕ್ಷೆ ಮಾಡಿ ನೋಡುತ್ತೇವೆ ಎಂದರು. ಆ ರಾಶಿಯಲ್ಲಿ ಕ್ಯಾಂಪ್ಟೊಥೆಕ ಮರದ ಸಾರವೂ ಇತ್ತು. ಇಲಿಗಳಲ್ಲಿ ಗಡ್ಡೆಗಳ ಮೇಲೆ ಅದು ಗಟ್ಟಿಯಾದ ಪರಿಣಾಮ ತೋರಿಸಿತು.

ವಾಲ್ ಆಮೇಲೆ ಉತ್ತರ ಕೆರೊಲೈನಾದ ರಿಸರ್ಚ್ ಟ್ರಯಾಂಗಲ್ ಸಂಸ್ಥೆಗೆ ಹೋದರು. ಅಲ್ಲಿ ಅವರ ಜೊತೆ ಸೇರಿದವರು ಮನ್ಸುಖ್ ವಾನಿ. ವಾನಿಯವರು ಹುಟ್ಟಿದ್ದು 1925ರಲ್ಲಿ, ಮಹಾರಾಷ್ಟ್ರದ ನಂದುರ್‌ಬಾರಿನಲ್ಲಿ. ಓದಿದ್ದು ಮುಂಬಯಿಯಲ್ಲಿ. ಇವರಿಬ್ಬರೂ ಸೇರಿ ಮರದ ಸಾರವನ್ನು ಸೋಸಿದರು, ಬೇರ್ಪಡಿಸಿದರು, ಮತ್ತೆ ಸೋಸಿದರು. 1966ರಲ್ಲಿ ಆ ವಸ್ತುವಿನ ರಾಸಾಯನಿಕ ರಚನೆಯನ್ನು ಪ್ರಕಟಿಸಿದರು. ಅದೇ ಕ್ಯಾಂಪ್ಟೊಥೆಸಿನ್. ಐದು ವರ್ಷದ ನಂತರ ಇದೇ ಜೋಡಿ ಟ್ಯಾಕ್ಸಾಲ್ ಎಂಬ ಇನ್ನೊಂದು ಮಹತ್ವದ ಕ್ಯಾನ್ಸರ್ ಔಷಧದ ರಚನೆಯನ್ನೂ ಬಿಡಿಸಿ ತೋರಿಸಿತು. ಸ್ತನ ಕ್ಯಾನ್ಸರಿಗೂ ಅಂಡಾಶಯದ ಕ್ಯಾನ್ಸರಿಗೂ ಬಳಸುವ ಟ್ಯಾಕ್ಸಾಲ್ ಕೂಡ ಮರದ ತೊಗಟೆಯದೇ. ಒಬ್ಬ ಮನುಷ್ಯನ ಜೀವಮಾನದಲ್ಲಿ ಇಂಥ ಎರಡು ಕೆಲಸ ನಡೆಯುವುದು ಅಪರೂಪ. ವಾನಿಯವರ ಹೆಸರು ನಮ್ಮ ಶಾಲಾ ಪಠ್ಯಗಳಲ್ಲಿ ಇರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಇನ್ನು ನಮ್ಮ ಮರದ ವಿಷಯ. 1972ರಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಅವರ ಸಹೋದ್ಯೋಗಿ ವಿಶ್ವನಾಥನ್ ಇದೇ ಕ್ಯಾಂಪ್ಟೊಥೆಸಿನ್ನನ್ನು ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲಿ ಕಂಡರು. ಗೋವಿಂದಾಚಾರಿ ಆಗ ಮುಂಬಯಿಯ ಗೋರೆಗಾಂವ್‌ನಲ್ಲಿದ್ದ ಸಿಬಾ ಸಂಶೋಧನಾ ಕೇಂದ್ರದಲ್ಲಿದ್ದರು. ನಮ್ಮ ಮರದಲ್ಲಿ ಈ ವಸ್ತು ಚೀನಾದ ಮರಕ್ಕಿಂತ ಹೆಚ್ಚು ಪ್ರಮಾಣದಲ್ಲಿದೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಹೆಚ್ಚು ಎಂದರೂ ಒಂದು ಕಿಲೊ ಒಣ ಪುಡಿಯಲ್ಲಿ ಸಿಗುವುದು ಕೆಲವೇ ಗ್ರಾಂ.

ಇಷ್ಟಾದರೂ ಔಷಧ ಕೈಗೆ ಬಂದಿರಲಿಲ್ಲ. ವಸ್ತು ಸಿಕ್ಕಿತ್ತು, ಇಲಿಯಲ್ಲಿ ಕೆಲಸ ಮಾಡಿತ್ತು, ರಚನೆ ತಿಳಿದಿತ್ತು, ಅಷ್ಟೆ. ಮನುಷ್ಯರಿಗೆ ಕೊಟ್ಟಾಗ ಏನಾಯಿತು ಕೇಳಿ.

ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗುವುದಿಲ್ಲ. ಕರಗದ ವಸ್ತುವನ್ನು ರಕ್ತನಾಳಕ್ಕೆ ಹೇಗೆ ಕೊಡುವುದು? ಅದಕ್ಕಾಗಿ ವಿಜ್ಞಾನಿಗಳು ಅದನ್ನು ಸೋಡಿಯಂ ಲವಣವಾಗಿ ಬದಲಾಯಿಸಿದರು. ಆಗ ಕರಗಿತು. ಆದರೆ ಹಾಗೆ ಬದಲಾಯಿಸುವಾಗ ಆ ಅಣುವಿನಲ್ಲಿದ್ದ ಒಂದು ಉಂಗುರ ಬಿಚ್ಚಿಕೊಂಡಿತು. ಔಷಧದ ಶಕ್ತಿ ಇದ್ದದ್ದೇ ಆ ಉಂಗುರದಲ್ಲಿ. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಈ ಲವಣವನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಗಡ್ಡೆ ಕುಗ್ಗಿದ್ದು ಬಹಳ ಕೆಲವರಲ್ಲಿ ಮಾತ್ರ. ತೊಂದರೆ ಆದದ್ದು ಹೆಚ್ಚು ಜನರಿಗೆ. ಅಸ್ಥಿಮಜ್ಜೆ ಸೊರಗಿತು, ರಕ್ತಕಣಗಳು ಇಳಿದವು. ಮೂತ್ರಕೋಶದಲ್ಲಿ ರಕ್ತಸ್ರಾವ ಆಯಿತು. ತೀವ್ರವಾದ ಭೇದಿ ಹಿಡಿಯಿತು. ಪ್ರಯೋಗ ನಿಲ್ಲಿಸಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕ್ಯಾಂಪ್ಟೊಥೆಸಿನ್ ಮೂಲೆಗೆ ಬಿದ್ದಿತ್ತು.

ಈ ಘಟ್ಟವನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಪ್ರಕೃತಿಯಿಂದ ಬಂದದ್ದಾದರೂ ಈ ವಸ್ತು ಸೌಮ್ಯವಾಗಿರಲಿಲ್ಲ. ಮರ ಇದನ್ನು ತಯಾರಿಸುವುದು ನಮ್ಮ ಆರೋಗ್ಯಕ್ಕಾಗಿ ಅಲ್ಲ. ತನ್ನನ್ನು ತಿನ್ನಲು ಬರುವ ಜೀವಿಗಳಿಗೆ ಇದು ವಿಷ. ಆ ವಿಷ ಮರವನ್ನೇ ಏಕೆ ಕೊಲ್ಲುವುದಿಲ್ಲ ಎಂದು ಜಪಾನಿನಲ್ಲಿ ನಡೆದ ಸಂಶೋಧನೆಯೊಂದು 2008ರಲ್ಲಿ ತೋರಿಸಿತು. ಈ ವಿಷ ತಗಲಬೇಕಾದ ಕಿಣ್ವ ಇಂಥ ಸಸ್ಯಗಳಲ್ಲಿ ಸ್ವಲ್ಪ ಬದಲಾಗಿದೆ. ಹಾಗಾಗಿ ಅವುಗಳಿಗೆ ಅಪಾಯವಿಲ್ಲ. ನಮ್ಮ ದೇಹದಲ್ಲಿ ಆ ಬದಲಾವಣೆ ಇಲ್ಲ.

ಹಾಗಾದರೆ ಮೂಲೆಗೆ ಬಿದ್ದ ವಸ್ತು ಮತ್ತೆ ಎದ್ದು ಬಂದದ್ದು ಹೇಗೆ? ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದದ್ದರಿಂದ.

ಬಾವಿಯ ಹಗ್ಗವನ್ನು ನೆನೆಸಿಕೊಳ್ಳಿ. ಎರಡು ಎಳೆ ಸೇರಿಸಿ ಹೊಸೆದ ಹಗ್ಗ. ನಡುವೆ ಬೆರಳು ತೂರಿಸಿ ಎಳೆಗಳನ್ನು ಬೇರೆ ಮಾಡಲು ಹೋದರೆ, ಆಚೆ ಬದಿಯಲ್ಲಿ ಹುರಿ ಇನ್ನಷ್ಟು ಬಿಗಿಯಾಗುತ್ತದೆ. ನಮ್ಮ ಜೀವಕೋಶದೊಳಗಿನ ಡಿಎನ್‌ಎ ಕೂಡ ಹೀಗೆ ಹೊಸೆದುಕೊಂಡ ಎರಡು ಎಳೆ. ಕೋಶ ಎರಡಾಗುವ ಮೊದಲು ಅದರ ನಕಲು ತೆಗೆಯಬೇಕು. ನಕಲಿಗಾಗಿ ಎಳೆಗಳು ಬೇರೆಯಾಗಬೇಕು. ಆಗ ಬಿಗಿಯುವ ಹುರಿಯನ್ನು ಸಡಿಲಿಸಲು ಒಂದು ಕಿಣ್ವ ಇದೆ. ಅದರ ಹೆಸರು ಟೊಪೊಐಸೊಮರೇಸ್ ಒಂದು. ಅದು ಒಂದು ಎಳೆಯನ್ನು ಕತ್ತರಿಸುತ್ತದೆ, ಹುರಿ ಸಡಿಲವಾಗಲು ಬಿಡುತ್ತದೆ, ಆಮೇಲೆ ಕತ್ತರಿಸಿದ ತುದಿಗಳನ್ನು ಮತ್ತೆ ಬೆಸೆಯುತ್ತದೆ.

ಕ್ಯಾಂಪ್ಟೊಥೆಸಿನ್ ಸರಿಯಾಗಿ ಆ ಕತ್ತರಿಸಿದ ಜಾಗದಲ್ಲಿ ಹೋಗಿ ಕೂರುತ್ತದೆ. ಬೆಸುಗೆ ಆಗಲು ಬಿಡುವುದಿಲ್ಲ. ನಕಲು ತೆಗೆಯುತ್ತಾ ಬಂದ ಯಂತ್ರ ಅಲ್ಲಿಗೆ ಬಂದು ಡಿಕ್ಕಿ ಹೊಡೆಯುತ್ತದೆ. ಡಿಎನ್‌ಎ ತುಂಡಾಗುತ್ತದೆ. ಕೋಶ ಸಾಯುತ್ತದೆ. ಕ್ಯಾನ್ಸರ್ ಕೋಶಗಳು ಬಿಡುವಿಲ್ಲದೆ ವಿಭಜಿಸುತ್ತವೆ, ಆದ್ದರಿಂದ ಅವುಗಳಿಗೆ ಏಟು ಹೆಚ್ಚು. ಕರುಳಿನ ಒಳಪದರ, ಅಸ್ಥಿಮಜ್ಜೆ, ಕೂದಲ ಬುಡ ಇವುಗಳ ಕೋಶಗಳೂ ವೇಗವಾಗಿ ವಿಭಜಿಸುತ್ತವೆ. ಅವಕ್ಕೂ ಏಟು ಬೀಳುತ್ತದೆ. ಈ ಗುಟ್ಟು ಬಯಲಾದದ್ದು 1985ರಲ್ಲಿ, ಅಮೆರಿಕದಲ್ಲಿ ಲೆರಾಯ್ ಲಿಯು ಅವರ ತಂಡದಿಂದ.

ಇಷ್ಟು ಹೊತ್ತಿಗೆ ಜಪಾನಿನ ವಿಜ್ಞಾನಿಗಳು ಇನ್ನೊಂದು ಕೆಲಸ ಮಾಡಿದ್ದರು. ಉಂಗುರವನ್ನು ಕೆಡಿಸದೆ, ಅಣುವಿನ ಇನ್ನೊಂದು ತುದಿಗೆ ನೀರಿನಲ್ಲಿ ಕರಗುವ ಒಂದು ಬಾಲವನ್ನು ಜೋಡಿಸಿದ್ದರು. ಹೀಗೆ ಹುಟ್ಟಿದ್ದು ಇರಿನೊಟೆಕಾನ್. ಅದು ತಾನಾಗಿ ಹೆಚ್ಚು ಶಕ್ತಿಯದ್ದಲ್ಲ. ದೇಹದೊಳಗೆ, ಮುಖ್ಯವಾಗಿ ಯಕೃತ್ತಿನಲ್ಲಿ, ಆ ಬಾಲ ಕಳಚುತ್ತದೆ. ಆಗ ಉಳಿಯುವ ವಸ್ತುವಿಗೆ ಎಸ್‌ಎನ್-38 ಎಂದು ಹೆಸರು. ಅದು ಮೂಲ ಔಷಧಕ್ಕಿಂತ ನೂರು ಪಟ್ಟಿಗೂ ಹೆಚ್ಚು ಪ್ರಬಲ. ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಅದೇ.

1994ರಲ್ಲಿ ಜಪಾನ್ ಇರಿನೊಟೆಕಾನಿಗೆ ಅನುಮತಿ ಕೊಟ್ಟಿತು. 1996ರಲ್ಲಿ ಅಮೆರಿಕ ಕೊಟ್ಟಿತು, ಹರಡಿದ ದೊಡ್ಡಕರುಳಿನ ಕ್ಯಾನ್ಸರಿಗಾಗಿಯೇ. ರಚನೆ ತಿಳಿದ ವರ್ಷದಿಂದ ಲೆಕ್ಕ ಹಾಕಿದರೂ 30 ವರ್ಷ.

ಫಲ ಏನು? 1998ರಲ್ಲಿ ಯುರೋಪಿನ ಒಂದು ಅಧ್ಯಯನ ಪ್ರಕಟವಾಯಿತು. ಸುಮಾರು 280 ರೋಗಿಗಳು. ಎಲ್ಲರಿಗೂ ರೋಗ ಹರಡಿತ್ತು. ಆಗ ಇದ್ದ ಔಷಧ ಕೆಲಸ ಮಾಡುವುದನ್ನು ನಿಲ್ಲಿಸಿತ್ತು. ಒಂದು ಗುಂಪಿಗೆ ನೋವು ಕಡಿಮೆ ಮಾಡುವ ಆರೈಕೆ ಮಾತ್ರ ಕೊಟ್ಟರು. ಇನ್ನೊಂದು ಗುಂಪಿಗೆ ಆರೈಕೆಯ ಜೊತೆ ಇರಿನೊಟೆಕಾನ್. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ಬದುಕಿದ್ದವರು ನೂರಕ್ಕೆ ಸುಮಾರು 14. ಎರಡನೆಯ ಗುಂಪಿನಲ್ಲಿ ನೂರಕ್ಕೆ ಸುಮಾರು 36. ಇದು ಪವಾಡವಲ್ಲ. ಹರಡಿದ ಕ್ಯಾನ್ಸರನ್ನು ಇರಿನೊಟೆಕಾನ್ ಬೇರುಸಹಿತ ಕಿತ್ತುಹಾಕುವುದು ವಿರಳ. ಆದರೆ ಮನೆಯಲ್ಲಿ ಅಂಥ ರೋಗಿ ಇದ್ದವರಿಗೆ ಸಿಕ್ಕ ಒಂದೊಂದು ತಿಂಗಳಿನ ಬೆಲೆ ಗೊತ್ತಿರುತ್ತದೆ. ಈಗ ಇದನ್ನು ಬೇರೆ ಔಷಧಗಳ ಜೊತೆ ಸೇರಿಸಿ ಕೊಡುತ್ತಾರೆ. ಫಲ ಆಗಿನದಕ್ಕಿಂತ ಈಗ ಉತ್ತಮ.

ಕೇಳುಗರೇ, ಇಲ್ಲಿಯವರೆಗೆ ಮರದ ವಿಷ ಔಷಧವಾದದ್ದನ್ನು ಕೇಳಿದಿರಿ. ಆ ಔಷಧದ ಕಷ್ಟವನ್ನೂ ಕೇಳಬೇಕು.

ಇರಿನೊಟೆಕಾನ್ ತೆಗೆದುಕೊಂಡ ಅನೇಕರಿಗೆ ಕೆಲವು ದಿನಗಳ ನಂತರ ಭೇದಿ ಶುರುವಾಗುತ್ತದೆ. ಕೆಲವೊಮ್ಮೆ ಅದು ಪ್ರಾಣಕ್ಕೇ ಅಪಾಯ ತರುತ್ತದೆ. ಕಾರಣ ವಿಚಿತ್ರ. ಯಕೃತ್ತು ಎಸ್‌ಎನ್-38ಕ್ಕೆ ಒಂದು ಸಕ್ಕರೆಯ ತುಣುಕನ್ನು ಅಂಟಿಸಿ, ಅದನ್ನು ನಿರುಪದ್ರವಿಯಾಗಿ ಮಾಡಿ, ಪಿತ್ತರಸದ ಮೂಲಕ ಕರುಳಿಗೆ ಕಳಿಸುತ್ತದೆ. ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳಿಗೆ ಆ ಸಕ್ಕರೆ ಬೇಕು. ಅವು ಅದನ್ನು ಕಿತ್ತುಕೊಳ್ಳುತ್ತವೆ. ವಿಷ ಮತ್ತೆ ಬಿಡುಗಡೆಯಾಗಿ ಕರುಳಿನ ಒಳಪದರವನ್ನು ಸುಡುತ್ತದೆ. ಸಕ್ಕರೆ ಅಂಟಿಸುವ ಶಕ್ತಿ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ಕೆಲವರಲ್ಲಿ ಹುಟ್ಟಿನಿಂದಲೇ ಅದು ಮಂದ. ಅಂಥವರಿಗೆ ಔಷಧದ ಪ್ರಮಾಣ ತಗ್ಗಿಸಬೇಕಾಗುತ್ತದೆ. ಅದನ್ನು ತಿಳಿಯಲು ರಕ್ತದ ಒಂದು ಜೀನ್ ಪರೀಕ್ಷೆ ಇದೆ. 2005ರಿಂದ ಅಮೆರಿಕದಲ್ಲಿ ಔಷಧದ ಮಾಹಿತಿಪತ್ರದಲ್ಲೇ ಈ ಎಚ್ಚರಿಕೆ ಸೇರಿದೆ.

ಈ ಭೇದಿಗೆ ಉಪಾಯ ಹುಡುಕುವಾಗ ಇನ್ನೊಂದು ಸಸ್ಯಮೂಲದ ಮದ್ದು ಮುಂದೆ ಬಂತು. ಚೀನಾದಲ್ಲಿ ಸುಮಾರು 1,800 ವರ್ಷಗಳಿಂದ ಭೇದಿಗೆ, ಹೊಟ್ಟೆನೋವಿಗೆ ಕೊಡುತ್ತಿದ್ದ ನಾಲ್ಕು ಮೂಲಿಕೆಗಳ ಕಷಾಯ ಅದು. ಅದರಲ್ಲಿ ನಮಗೆ ಪರಿಚಿತವಾದ ಜೇಷ್ಠಮಧುವೂ ಇದೆ. ಯೇಲ್ ವಿಶ್ವವಿದ್ಯಾಲಯದ ಯುಂಗ್-ಚಿ ಚೆಂಗ್ ಅವರ ತಂಡ ಅದನ್ನು ಇಲಿಗಳಲ್ಲಿ ಪರೀಕ್ಷಿಸಿತು. ಇರಿನೊಟೆಕಾನ್‌ನಿಂದ ಹಾಳಾದ ಕರುಳಿನ ಪದರ ಬೇಗ ಚೇತರಿಸಿಕೊಂಡಿತು ಎಂದು 2010ರಲ್ಲಿ ವರದಿ ಮಾಡಿತು. ಈ ಕೆಲಸ ನನಗೆ ಬಹಳ ಮೆಚ್ಚುಗೆಯಾಗಿದೆ. ಹಳೆಯ ಮದ್ದನ್ನು ಹೊಗಳಿ ಬಿಡಲಿಲ್ಲ, ಹಳಿದೂ ಬಿಡಲಿಲ್ಲ. ಪ್ರತಿ ಬಾರಿಯೂ ಒಂದೇ ಗುಣಮಟ್ಟದಲ್ಲಿ ತಯಾರಿಸಿ, ಪರೀಕ್ಷೆಗೆ ಒಡ್ಡಿದರು. ಆದರೆ ಇಲಿಯಲ್ಲಿ ಸಿಕ್ಕ ಫಲ ಮನುಷ್ಯರಿಗೂ ಸಿಗುತ್ತದೆ ಎನ್ನಲು ದೊಡ್ಡ ಪ್ರಯೋಗಗಳ ಸಾಕ್ಷಿ ಬೇಕು.

ಮರದಿಂದ ಬಂದ ಮದ್ದು, ಅದರ ಬಲ, ಅದರ ಕಷ್ಟ, ಇಷ್ಟನ್ನು ನೋಡಿದೆವು. ಈಗ ನಮ್ಮ ಅಡುಗೆಮನೆಗೆ ಬರೋಣ. ಅರಿಶಿನ ಕ್ಯಾನ್ಸರನ್ನು ಗುಣಪಡಿಸುತ್ತದಂತೆ, ಹೌದೇ? ಈ ಪ್ರಶ್ನೆ ಎಲ್ಲ ಕಡೆ ಕೇಳಿಬರುತ್ತದೆ.

ಅರಿಶಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕರುಳಿನ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಇದು ನಿಜ. ಆದರೆ ತಟ್ಟೆಯಲ್ಲಿರುವ ಕೋಶ ಬಹಳ ವಸ್ತುಗಳಿಗೆ ಸಾಯುತ್ತದೆ. ನಾವು ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಸೇರಿದ್ದನ್ನೂ ಯಕೃತ್ತು ಬೇಗ ಹೊರಹಾಕುತ್ತದೆ. ದೊಡ್ಡಕರುಳಿನಲ್ಲಾದರೂ ನೇರವಾಗಿ ತಗಲುತ್ತದಲ್ಲ ಎಂದು ವಿಜ್ಞಾನಿಗಳೂ ಆಸೆಯಿಟ್ಟಿದ್ದರು. ವಂಶಪಾರಂಪರ್ಯವಾಗಿ ಕರುಳಿನಲ್ಲಿ ನೂರಾರು ಗಂಟುಗಳು ಬೆಳೆಯುವ ಒಂದು ಕಾಯಿಲೆ ಇದೆ. ಆ ಗಂಟುಗಳು ಮುಂದೆ ಕ್ಯಾನ್ಸರ್ ಆಗುತ್ತವೆ. ಅಂಥ ಐದು ಮಂದಿಗೆ ಕರ್ಕ್ಯುಮಿನ್ನನ್ನು ಕ್ವೆರ್ಸೆಟಿನ್ ಎಂಬ ಇನ್ನೊಂದು ಸಸ್ಯವಸ್ತುವಿನ ಜೊತೆ ಕೊಟ್ಟಾಗ ಗಂಟುಗಳು ಕಡಿಮೆಯಾದವು ಎಂದು 2006ರಲ್ಲಿ ವರದಿ ಬಂತು. ಎಲ್ಲರಿಗೂ ಹುರುಪು ಬಂತು. ಆಮೇಲೆ ಆ ವರದಿಯ ಹಿಂದಿದ್ದ ಸಂಶೋಧಕಿಯ ತಂಡವೇ ಇಂಥ ಸುಮಾರು 44 ಮಂದಿಯನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ದಿನಕ್ಕೆ ಮೂರು ಗ್ರಾಂ ಕರ್ಕ್ಯುಮಿನ್, ಇನ್ನೊಂದಕ್ಕೆ ಬರೀ ಹುಸಿ ಮಾತ್ರೆ. ಒಂದು ವರ್ಷದ ನಂತರ ಗಂಟುಗಳ ಸಂಖ್ಯೆಯಲ್ಲಿ, ಗಾತ್ರದಲ್ಲಿ ಎರಡೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಫಲಿತಾಂಶ 2018ರಲ್ಲಿ ಪ್ರಕಟವಾಯಿತು.

ಅರಿಶಿನ ಸಾರಿನಲ್ಲಿರಲಿ, ಹಾಲಿನಲ್ಲಿರಲಿ. ಕರುಳಿನ ಕ್ಯಾನ್ಸರಿಗೆ ಅದು ಚಿಕಿತ್ಸೆಯಲ್ಲ.

ಹಾಗೆಂದು ಸಾದಾ ಸಸ್ಯಮೂಲದಿಂದ ಇನ್ನೇನೂ ಬರಲಿಲ್ಲ ಎಂದುಕೊಳ್ಳಬೇಡಿ. ಆಸ್ಪಿರಿನ್ ಎಲ್ಲರಿಗೂ ಗೊತ್ತು. ಅದರ ಮೂಲ ವಿಲೋ ಮರದ ತೊಗಟೆ, ಸ್ಪೈರಿಯಾ ಗಿಡ. ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯ ದೋಷ ಇರುವವರಿಗೆ ಕರುಳಿನ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಬ್ರಿಟನ್ನಿನ ಜಾನ್ ಬರ್ನ್ ಮತ್ತು ಜೊತೆಗಾರರು ಅಂಥ 860ರಷ್ಟು ಜನರನ್ನು ಹಲವು ವರ್ಷ ಗಮನಿಸಿದರು. ಎರಡು ವರ್ಷವಾದರೂ ದಿನವೂ ಆಸ್ಪಿರಿನ್ ತೆಗೆದುಕೊಂಡವರಲ್ಲಿ ಆಮೇಲಿನ ವರ್ಷಗಳಲ್ಲಿ ಕ್ಯಾನ್ಸರ್ ಗಣನೀಯವಾಗಿ ಕಡಿಮೆಯಾಗಿತ್ತು. ದಯವಿಟ್ಟು ಇದನ್ನು ಕೇಳಿ ಯಾರೂ ಅಂಗಡಿಯಿಂದ ಆಸ್ಪಿರಿನ್ ತಂದು ನುಂಗಬೇಡಿ. ಅದು ಹೊಟ್ಟೆಯಲ್ಲಿ ರಕ್ತಸ್ರಾವ ತರಬಲ್ಲದು. ಯಾರಿಗೆ, ಎಷ್ಟು ಎಂಬುದು ವೈದ್ಯರ ನಿರ್ಧಾರ.

ಮತ್ತೆ ನಮ್ಮ ದುರ್ವಾಸನೆ ಮರದ ಕಡೆಗೆ ಒಂದು ಗಳಿಗೆ. ಕ್ಯಾಂಪ್ಟೊಥೆಸಿನ್ನಿಗೆ ಹೊರದೇಶಗಳಲ್ಲಿ ಬೇಡಿಕೆ ಬಂದಾಗ ಘಟ್ಟದ ಕಾಡುಗಳಲ್ಲಿ, ಅದರಲ್ಲೂ ಮಹಾರಾಷ್ಟ್ರದ ಕಡೆ, ಈ ಮರಗಳನ್ನು ಬೇರುಸಹಿತ ಕಿತ್ತು ಸಾಗಿಸಿದರು. ತೊಗಟೆ ಬೇಕು, ಬೇರು ಬೇಕು ಎಂದರೆ ಮರ ಉಳಿಯುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಉಮಾಶಂಕರ್ ಮತ್ತು ಅವರ ಸಂಗಡಿಗರು ಯಾವ ಕಾಡಿನ ಮರದಲ್ಲಿ ಈ ವಸ್ತು ಹೆಚ್ಚಿದೆ ಎಂದು ಹುಡುಕಿದರು. ಮರದೊಳಗೆ ತಂಗಿರುವ ಶಿಲೀಂಧ್ರಗಳೂ ಈ ವಸ್ತುವನ್ನು ತಯಾರಿಸುತ್ತವೆಯೇ ಎಂದು ನೋಡಿದರು. ಕೆಲವು ತಯಾರಿಸುತ್ತವೆ. ಆದರೆ ಪ್ರಯೋಗಾಲಯದಲ್ಲಿ ಬೆಳೆಸುತ್ತಾ ಹೋದಂತೆ ಆ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಮರವನ್ನು ಉಳಿಸಿಕೊಳ್ಳಲೇಬೇಕು. ಈ ವಸ್ತುವಿನ ಕಥೆಯೂ ಮುಗಿದಿಲ್ಲ. ಕ್ಯಾಂಪ್ಟೊಥೆಸಿನ್ ವಂಶದ ಹೊಸ ಔಷಧಗಳನ್ನು ಈಗ ಪ್ರತಿಕಾಯಗಳಿಗೆ ಜೋಡಿಸಿ, ನೇರವಾಗಿ ಕ್ಯಾನ್ಸರ್ ಕೋಶಕ್ಕೆ ತಲುಪಿಸುತ್ತಿದ್ದಾರೆ. ಅವುಗಳಲ್ಲಿ ಒಂದಕ್ಕೆ 2024ರಲ್ಲಿ ಅಮೆರಿಕದಲ್ಲಿ ವಿಸ್ತೃತ ಅನುಮತಿ ಸಿಕ್ಕಿದೆ. ಒಂದು ನಿರ್ದಿಷ್ಟ ಗುರುತು ಇರುವ ಕರುಳಿನ ಕ್ಯಾನ್ಸರಿಗೂ ಅದನ್ನು ಕೊಡಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಅತ್ಯಂತ ಮುಖ್ಯವಾದ ಮಾತು ಉಳಿದಿದೆ. ಇದನ್ನು ಮನೆಯವರಿಗೂ ತಿಳಿಸಿ.

ಮಲದಲ್ಲಿ ರಕ್ತ ಕಂಡರೆ ನಮ್ಮವರು ಮೂಲವ್ಯಾಧಿ ಎಂದು ತೀರ್ಮಾನ ಮಾಡುತ್ತಾರೆ. ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಯಾರೋ ಹೇಳಿದ ಬೇರು, ಸೊಪ್ಪಿನ ರಸ, ಪುಡಿ ತೆಗೆದುಕೊಳ್ಳುತ್ತಾರೆ. ರಕ್ತ ನಿಂತಂತೆ ಕಾಣುತ್ತದೆ, ಮತ್ತೆ ಬರುತ್ತದೆ. ತಿಂಗಳುಗಳು ಕಳೆಯುತ್ತವೆ. ಹೆಚ್ಚಿನ ಬಾರಿ ಅದು ಮೂಲವ್ಯಾಧಿಯೇ ಇರಬಹುದು. ಅಲ್ಲದಿದ್ದರೆ ಆ ತಿಂಗಳುಗಳ ಬೆಲೆ ದೊಡ್ಡದು. ಅಮೆರಿಕದ ಅಂಕಿಅಂಶದ ಪ್ರಕಾರ, ರೋಗ ಕರುಳಿನಲ್ಲೇ ಇದ್ದಾಗ ಗೊತ್ತಾದರೆ ಹತ್ತರಲ್ಲಿ ಒಂಬತ್ತು ಮಂದಿ ಐದು ವರ್ಷಕ್ಕೂ ಹೆಚ್ಚು ಬದುಕುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಗೊತ್ತಾದರೆ ಏಳು ಮಂದಿಯಲ್ಲಿ ಒಬ್ಬರಷ್ಟೇ. ಆರಂಭದ ಹಂತದಲ್ಲಿ ಶಸ್ತ್ರಚಿಕಿತ್ಸೆಯೇ ಗುಣಪಡಿಸುತ್ತದೆ.

ಚಿಕಿತ್ಸೆಯನ್ನು ಬಿಟ್ಟು ಬರೀ ಪರ್ಯಾಯ ಮದ್ದನ್ನೇ ನಂಬಿದವರ ಗತಿ ಏನಾಯಿತು ಎಂದು ಯೇಲ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದ್ದಾರೆ. ರೋಗ ಇನ್ನೂ ಹರಡದಿದ್ದ ಜನರನ್ನೇ ಅವರು ನೋಡಿದ್ದು. ಕರುಳಿನ ಕ್ಯಾನ್ಸರ್ ಇದ್ದವರಲ್ಲಿ, ಪರ್ಯಾಯ ಮದ್ದನ್ನಷ್ಟೇ ತೆಗೆದುಕೊಂಡವರಿಗೆ ಸಾವಿನ ಸಂಭವ ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಗುಣವಾಗಬಹುದಾಗಿದ್ದ ಜೀವಗಳು ಅವು. ಇದನ್ನು ಓದಿದಾಗ ನನಗೆ ಬಹಳ ಸಂಕಟವಾಯಿತು.

ಕೀಮೋಥೆರಪಿ ನಡೆಯುವಾಗ ಗುಟ್ಟಾಗಿ ಕಷಾಯ ಕುಡಿಯುವವರೂ ಇದ್ದಾರೆ. ಜೊತೆಗೆ ಇದೂ ಇರಲಿ, ತೊಂದರೆ ಏನು ಎನ್ನುತ್ತಾರೆ. ತೊಂದರೆ ಇದೆ. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಯುರೋಪಿನಲ್ಲಿ ಮನಸ್ಸಿನ ಖಿನ್ನತೆಗೆ ತೆಗೆದುಕೊಳ್ಳುತ್ತಾರೆ. ಇರಿನೊಟೆಕಾನ್ ಪಡೆಯುತ್ತಿದ್ದವರಿಗೆ ಅದನ್ನೂ ಕೊಟ್ಟು ನೋಡಿದಾಗ, ರಕ್ತದಲ್ಲಿ ಎಸ್‌ಎನ್-38ರ ಪ್ರಮಾಣ ನೂರಕ್ಕೆ 40ರಷ್ಟು ಇಳಿಯಿತು ಎಂದು 2002ರಲ್ಲಿ ತಿಳಿಯಿತು. ಅಂದರೆ ಒಂದು ಗಿಡ ಇನ್ನೊಂದು ಗಿಡದ ಮದ್ದನ್ನು ಐದರಲ್ಲಿ ಎರಡು ಪಾಲು ಕೆಡಿಸಿತು. ರೋಗಿಗೂ ಗೊತ್ತಾಗುವುದಿಲ್ಲ, ವೈದ್ಯರಿಗೂ ಗೊತ್ತಾಗುವುದಿಲ್ಲ.

ನಮ್ಮ ಸರ್ಕಾರದ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಇದೆ. ಕರುಳಿನ ಕ್ಯಾನ್ಸರಿಗೆ ಕರೆದು ಪರೀಕ್ಷೆ ಮಾಡುವವರಿಲ್ಲ. ಆದ್ದರಿಂದ ನಾವೇ ಗಮನಿಸಬೇಕು. ಮಲದಲ್ಲಿ ರಕ್ತ, ಕೆಲವು ವಾರಗಳಾದರೂ ಸರಿಹೋಗದ ಮಲಬದ್ಧತೆ ಅಥವಾ ಭೇದಿ, ಕಾರಣವಿಲ್ಲದೆ ಇಳಿಯುವ ತೂಕ, ಕಾರಣ ತಿಳಿಯದ ರಕ್ತಹೀನತೆ. ಇವುಗಳಲ್ಲಿ ಯಾವುದಿದ್ದರೂ ಹತ್ತಿರದ ವೈದ್ಯರಿಗೆ ತೋರಿಸಿ. ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ಅದನ್ನು ಮೊದಲೇ ಹೇಳಿ. ಕೊಲೊನೊಸ್ಕೋಪಿ ಮಾಡಿಸಿ ಎಂದರೆ ಹೆದರಿ ಮುಂದೂಡಬೇಡಿ. ಈಗಾಗಲೇ ಚಿಕಿತ್ಸೆಯಲ್ಲಿರುವವರು ಕುಡಿಯುವ ಕಷಾಯ, ನುಂಗುವ ಪುಡಿ, ಲೇಹ್ಯ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು, ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ ವೈದ್ಯರ ಕೈಗೆ ಕೊಡಿ.